ದನವೋ ಧನವೋ: ಶಿರಸಿಯ ತೋಟದ ಮನೆಯ ಹಳೆ ಡೆಸ್ಕ್‌ಟಾಪ್ ಪರದೆ ಓದುವಂತಾಗಿಸಿದ ಕ್ರಮ

ಯಂತ್ರ ಇರುವುದು ಶಿರಸಿಯಿಂದ ಹುಲೇಕಲ್ ಕಡೆಗಿನ ಒಂದು ತೋಟದ ಮನೆಯ ಜಗುಲಿಯಲ್ಲಿ. ಎರಡು ಕೋರ್‌ನ ಹಳೆ ಪ್ರೊಸೆಸರ್, 4 ಜಿಬಿ ರ್ಯಾಮ್, ಆಮೇಲೆ ಸೇರಿಸಿದ 120 ಜಿಬಿ ಎಸ್‌ಎಸ್‌ಡಿ, ವಿಜಿಎ ಕೇಬಲ್ಲಿನ 18.5 ಇಂಚು ಮಾನಿಟರ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಈ ಬೋರ್ಡಿನಲ್ಲಿ ಇಲ್ಲ. ಹಾಗಾಗಿ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ 22, ಹಳೆ ಯಂತ್ರಕ್ಕೆ ಹಗುರಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದ್ದು. ಇದಕ್ಕೆ 2029ರ ವರೆಗೆ ಅಪ್‌ಡೇಟ್ ಬರುತ್ತದೆ. ಇನ್‌ಸ್ಟಾಲ್ ಮಾಡುವುದು ಅರ್ಧ ಗಂಟೆಯ ಕೆಲಸ, ಅದನ್ನು ಇಲ್ಲಿ ಬರೆಯುತ್ತಿಲ್ಲ. ಹಿರಿಯರು ಕೂತು ಅಡಿಕೆ ದರ ನೋಡುವಂತೆ, ಪಹಣಿ ತೆಗೆಯುವಂತೆ, ಸೊಸೈಟಿಗೆ ಒಂದು ಪತ್ರ ಬರೆಯುವಂತೆ ಪರದೆಯನ್ನು ಹದಕ್ಕೆ ತರುವುದೇ ನಿಜವಾಗಿ ಹೊತ್ತು ಹಿಡಿದ ಕೆಲಸ.

ಇಂಥ ಕಡೆ ಎಲ್ಲರೂ ಮೊದಲು ಮಾಡುವುದು ಒಂದೇ: ರೆಸಲ್ಯೂಶನ್, ಅಂದರೆ ಪರದೆಯ ಚುಕ್ಕಿಗಳ (ಪಿಕ್ಸೆಲ್) ಸಂಖ್ಯೆ ಇಳಿಸಿಬಿಡುವುದು. ಅಕ್ಷರ ದೊಡ್ಡದಾಗುತ್ತದೆ ನಿಜ. ಇಂಗ್ಲಿಷ್ ಓದುವವರಿಗೆ ಅಷ್ಟು ಸಾಕಾದೀತು, ಕನ್ನಡಕ್ಕೆ ಸಾಲದು. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ, ಡ ಮತ್ತು ಢ ಇವುಗಳ ನಡುವೆ ಇರುವುದು ಒಂದು ಹೊಟ್ಟೆ ಸೀಳು ಮಾತ್ರ. ಆ ಸೀಳಿಗೆ ಪರದೆಯಲ್ಲಿ ಸಿಗುವುದು ಒಂದೋ ಎರಡೋ ಪಿಕ್ಸೆಲ್. ರೆಸಲ್ಯೂಶನ್ ಇಳಿಸಿದರೆ ಮಾನಿಟರ್ ಕಡಿಮೆ ಪಿಕ್ಸೆಲ್‌ನ ಚಿತ್ರವನ್ನು ಎಳೆದು ಹಿಗ್ಗಿಸುತ್ತದೆ, ಸೀಳು ಮಸುಕಾಗಿ ಕಲೆಸಿಹೋಗುತ್ತದೆ. ಆಮೇಲೆ ಓದುವುದು ದನವೋ ಧನವೋ ಎಂದು ಸಂದರ್ಭ ನೋಡಿ ಊಹಿಸಬೇಕು. ಅಕ್ಷರ ದೊಡ್ಡದಾಗಬೇಕು, ಅದರೊಳಗಿನ ಪಿಕ್ಸೆಲ್ ಸಂಖ್ಯೆಯೂ ಹೆಚ್ಚಬೇಕು. ಅದಕ್ಕೆ ರೆಸಲ್ಯೂಶನ್ ಪೂರ್ತಿ ಇಟ್ಟು ಡಿಪಿಐ (ಒಂದು ಇಂಚಿಗೆ ಇಷ್ಟು ಪಿಕ್ಸೆಲ್ ಎಂದು ವ್ಯವಸ್ಥೆ ಹಿಡಿಯುವ ಲೆಕ್ಕ) ಏರಿಸಬೇಕು.

ಮೊದಲು ಕೇಬಲ್

ಈ ಯಂತ್ರದಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ ತೆರೆದರೆ 1024×768ಕ್ಕಿಂತ ಮೇಲೆ ಆಯ್ಕೆಯೇ ಇರಲಿಲ್ಲ. ಮಾನಿಟರಿನದು 1366×768. ಅಂದರೆ ಪ್ರತಿ ಅಕ್ಷರವೂ ಅಡ್ಡಕ್ಕೆ ಮೂರನೇ ಒಂದು ಪಾಲು ಹಿಗ್ಗಿ, ಊದಿಕೊಂಡಂತೆ ಕಾಣುತ್ತಿತ್ತು. ಇದನ್ನು ಡ್ರೈವರ್ ತಪ್ಪು ಎಂದುಕೊಂಡು ದಿನಗಟ್ಟಲೆ ಹುಡುಕುವವರುಂಟು. ನೋಡಬೇಕಾದ್ದು ಕೇಬಲ್. ತನ್ನ ಅಳತೆ ಎಷ್ಟು ಎಂದು ಮಾನಿಟರ್ ಕಂಪ್ಯೂಟರಿಗೆ ಹೇಳುವುದು ವಿಜಿಎ ಪ್ಲಗ್ಗಿನ 12 ಮತ್ತು 15ನೇ ಪಿನ್ ಮೂಲಕ. ಆ ಎರಡು ಪಿನ್ ಮುರಿದಿದ್ದರೆ, ಬಾಗಿದ್ದರೆ ಅಥವಾ ಕಿಲುಬು ಹಿಡಿದಿದ್ದರೆ ಚಿತ್ರ ಬರುತ್ತದೆ, ಅಳತೆ ಬರುವುದಿಲ್ಲ. ಕಂಪ್ಯೂಟರ್ ಅಂದಾಜಿಗೆ 1024×768 ಹಾಕಿ ಕೂರುತ್ತದೆ.

ಮಳೆಗಾಲದ ನಾಲ್ಕು ತಿಂಗಳು ಮಲೆನಾಡಿನ ಥಂಡಿಗೆ ಪಿನ್ನಿನ ಮೇಲೆ ಪೊರೆ ಕಟ್ಟುತ್ತದೆ. ದೇವಿಮನೆ ಘಟ್ಟ ಇಳಿದು ಕುಮಟೆ, ಅಂಕೋಲೆ, ಕಾರವಾರದ ಕಡೆ ಹೋದರೆ ಉಪ್ಪುಗಾಳಿಗೆ ಇದು ಇನ್ನೂ ಬೇಗ, ಹಸಿರು ಕಿಲುಬು ಕಣ್ಣಿಗೇ ಕಾಣುತ್ತದೆ. ಯಂತ್ರ, ಮಾನಿಟರ್ ಎರಡನ್ನೂ ಆಫ್ ಮಾಡಿ, ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಮೆತ್ತನೆ ಬ್ರಷ್ಷಿನಿಂದ ಎರಡೂ ತುದಿ ತಿಕ್ಕಿ, ಹತ್ತು ನಿಮಿಷ ಒಣಗಲು ಬಿಟ್ಟು ಸಿಕ್ಕಿಸಿ. ಸ್ಕ್ರೂ ಎರಡೂ ಬಿಗಿ ಮಾಡಿ. ಇಲ್ಲಿ ತಿಕ್ಕಿದರೂ ಸರಿಯಾಗಲಿಲ್ಲ, ಬೇರೆ ಕೇಬಲ್ ಹಾಕಿದ ಕೂಡಲೇ 1366×768 ಪಟ್ಟಿಯಲ್ಲಿ ಬಂತು. ಹಳೆ ಕೇಬಲ್ಲಿನಲ್ಲಿ 12ನೇ ಪಿನ್ ಒಳಕ್ಕೆ ಸರಿದಿತ್ತು. ಅಂಥ ಕೇಬಲ್ಲನ್ನು ಇರಲಿ ಎಂದು ಎತ್ತಿಡಬೇಡಿ, ಎರಡು ವರ್ಷದ ನಂತರ ಅದೇ ಕೈಗೆ ಸಿಗುತ್ತದೆ.

ಪೂರ್ತಿ ರೆಸಲ್ಯೂಶನ್ ಬಂದ ಮೇಲೂ ಅಕ್ಷರದ ಅಂಚು ನಡುಗಿದಂತೆ ಕಂಡರೆ ಮಾನಿಟರಿನ ಆಟೋ ಬಟನ್ ಒಮ್ಮೆ ಒತ್ತಿ. ಒತ್ತುವಾಗ ಪರದೆ ತುಂಬ ಬಿಳಿ ಕಿಟಕಿಯೊಂದು ತೆರೆದಿರಲಿ. ಕಪ್ಪು ಹಿನ್ನೆಲೆಯಿದ್ದರೆ ಮಾನಿಟರಿಗೆ ಚಿತ್ರದ ಅಂಚು ಎಲ್ಲಿ ಎಂದು ಗೊತ್ತಾಗದೆ ತಪ್ಪು ಜಾಗಕ್ಕೆ ಹೊಂದಿಸಿಕೊಳ್ಳುತ್ತದೆ.

ಡಿಪಿಐ: 120ಕ್ಕೆ ನಿಲ್ಲಿಸಿದ್ದು ಯಾಕೆ

ಸೆಟ್ಟಿಂಗ್ಸ್ ಮ್ಯಾನೇಜರ್, ಅಪಿಯರೆನ್ಸ್, ಫಾಂಟ್ಸ್. ಅಲ್ಲಿ ಕಸ್ಟಮ್ ಡಿಪಿಐ ಎಂಬುದಕ್ಕೆ ಟಿಕ್ ಹಾಕಿದರೆ 96 ಇರುತ್ತದೆ. 18.5 ಇಂಚಿನ 1366×768 ಪರದೆಯ ನಿಜವಾದ ಸಾಂದ್ರತೆ ಇಂಚಿಗೆ ಸುಮಾರು 85 ಪಿಕ್ಸೆಲ್. ಹಾಗಾದರೆ ಅಕ್ಷರ ಈಗಲೇ ಕಾಗದಕ್ಕಿಂತ ದೊಡ್ಡದಾಗಿ ಕಾಣುತ್ತಿದೆಯಲ್ಲ ಎನ್ನಬಹುದು. ಲೆಕ್ಕಕ್ಕೆ ಸರಿ. ಪುಸ್ತಕ ಹಿಡಿಯುವುದು ಮಾತ್ರ ಒಂದಡಿ ದೂರದಲ್ಲಿ, ಜಗುಲಿಯ ಮೇಜಿನ ಪರದೆ ಎರಡಡಿ ದೂರದಲ್ಲಿ.

ಅಕ್ಷರಕ್ಕೆ ಎಷ್ಟು ಪಿಕ್ಸೆಲ್ ಸಿಗುತ್ತದೆ ಎಂಬ ಲೆಕ್ಕ ಸುಲಭ: ಪಾಯಿಂಟ್ ಗಾತ್ರವನ್ನು ಡಿಪಿಐನಿಂದ ಗುಣಿಸಿ 72ರಿಂದ ಭಾಗಿಸಿ. 10 ಪಾಯಿಂಟ್ ಅಕ್ಷರ 96ರಲ್ಲಿ 13 ಪಿಕ್ಸೆಲ್ ಚಿಲ್ಲರೆ. 11 ಪಾಯಿಂಟ್ 120ರಲ್ಲಿ 18 ಪಿಕ್ಸೆಲ್ ಚಿಲ್ಲರೆ. ಈ ಐದು ಪಿಕ್ಸೆಲ್ಲಿನಲ್ಲೇ ಸೀಳು ಬಿಡಿಸಿ ಕಾಣುತ್ತದೆ, ಒತ್ತು ಬಿಡಿಸಿ ಕಾಣುತ್ತದೆ.

ಇನ್ನೂ ಏರಿಸಿ 144 ಮಾಡಬಾರದೇ? ಮಾಡಿ ನೋಡಿದ್ದಾಯ್ತು. 144ರಲ್ಲಿ ಈ ಪರದೆ 911×512ರ ಪರದೆಯಂತೆ ವರ್ತಿಸುತ್ತದೆ. ಮಿಂಟ್‌ಗೆ 1024×768 ಬೇಕು, ಅದಕ್ಕಿಂತ ಚಿಕ್ಕ ಪರದೆಯಲ್ಲಿ ಕಿಟಕಿ ಹಿಡಿಸದಿದ್ದರೆ ಆಲ್ಟ್ ಒತ್ತಿ ಎಳೆಯಿರಿ ಎಂದು ಅದರ ತಯಾರಕರೇ ಹೇಳಿದ್ದಾರೆ. ಹಲವು ಸೆಟ್ಟಿಂಗ್ ಕಿಟಕಿಗಳ ತಳದ ಓಕೆ, ಕ್ಲೋಸ್ ಬಟನ್‌ಗಳು ಪರದೆಯ ಕೆಳಗೆ ಮುಳುಗಿಹೋದವು. ಆಲ್ಟ್ ಎಳೆತ ನಮ್ಮ ನಿಮ್ಮಂಥವರಿಗೆ ಸರಿ, ಎಪ್ಪತ್ತು ದಾಟಿದವರಿಗೆ ಹೇಳಿಕೊಡುವ ಮಾತಲ್ಲ. 120ರಲ್ಲಿ ಸಿಗುವುದು 1093×614ರಷ್ಟು ಜಾಗ. ದಿನಬಳಕೆಯ ಕಿಟಕಿಗಳು ಅದರಲ್ಲಿ ಹಿಡಿಸುತ್ತವೆ. 768 ಎತ್ತರದ ಯಾವುದೇ ಪರದೆಗೆ 120 ದಾಟಬೇಡಿ. 1920×1080 ಇದ್ದರೆ 144 ತಡೆಯುತ್ತದೆ.

ಅದೇ ಅಪಿಯರೆನ್ಸ್ ಕಿಟಕಿಯಲ್ಲಿ ವಿಂಡೋ ಸ್ಕೇಲಿಂಗ್ 2 ಪಟ್ಟು ಎಂಬುದೊಂದಿದೆ. ಅದು ಬಹಳ ದಟ್ಟ ಪರದೆಗಳಿಗೆ ಮಾಡಿದ್ದು. ಇಲ್ಲಿ ಒತ್ತಿದರೆ ಅರ್ಧ ಪರದೆಯನ್ನು ಮೆನು ಒಂದೇ ತಿನ್ನುತ್ತದೆ, ವಾಪಸು ಹೋಗುವ ಬಟನ್ನೇ ಸಿಗುವುದಿಲ್ಲ.

ಫಾಂಟ್

ಮಿಂಟ್ ಜೊತೆ ಬರುವ ಉಬುಂಟು ಫಾಂಟ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ. ಕನ್ನಡ ಎದುರಾದಾಗ ವ್ಯವಸ್ಥೆ ಬೇರೊಂದು ಫಾಂಟ್‌ನಿಂದ ತಂದು ತುಂಬುತ್ತದೆ. ಯಾವುದರಿಂದ ಎಂಬುದು ಏನೇನು ಇನ್‌ಸ್ಟಾಲ್ ಆಗಿದೆ ಎಂಬುದರ ಮೇಲೆ. ಹಾಗಾಗಿಯೇ ಒಂದು ಕಿಟಕಿಯಲ್ಲಿ ಕನ್ನಡ ತೆಳ್ಳಗೆ, ಇನ್ನೊಂದರಲ್ಲಿ ದಪ್ಪಗೆ. ಗುಬ್ಬಿ, ನವಿಲು, ಲೋಹಿತ್ ಮೂರೂ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸಿಗುತ್ತವೆ, ಮೂರೂ ಮುದ್ರಣಕ್ಕೆ ಚೆನ್ನ. ಪರದೆಯ ಮೆನುಗಳಿಗೆ ನೋಟೊ ಸಾನ್ಸ್ ಕನ್ನಡವೇ ವಾಸಿ ಎಂಬುದು ಇಲ್ಲಿನ ತೀರ್ಮಾನ: ಗೆರೆ ಎಲ್ಲ ಕಡೆ ಒಂದೇ ದಪ್ಪ, ಒತ್ತಕ್ಷರ ತೀರಾ ಕಿರಿದಾಗುವುದಿಲ್ಲ. ಡಿಫಾಲ್ಟ್ ಫಾಂಟ್‌ಗೆ ಅದನ್ನೇ 11 ಪಾಯಿಂಟ್‌ನಲ್ಲಿ ಕೊಟ್ಟಿದೆ. ಇಂಗ್ಲಿಷ್ ಅಕ್ಷರ ಯಾವ ಫಾಂಟ್‌ನಿಂದ ಬಂದರೂ ಓದಲು ತೊಂದರೆಯಿಲ್ಲ.

ಕೆಳಗಿರುವ ಹಿಂಟಿಂಗ್‌ಗೆ ಸ್ಲೈಟ್ ಎಂದಿಡಿ. ಫುಲ್ ಎಂದರೆ ಗೆರೆಗಳನ್ನು ಪಿಕ್ಸೆಲ್ ಚೌಕಕ್ಕೆ ಬಲವಂತವಾಗಿ ಕೂರಿಸುತ್ತದೆ. ನೆಟ್ಟನೆ ಗೆರೆಯ ಇಂಗ್ಲಿಷ್‌ಗೆ ಅದು ಒಗ್ಗುತ್ತದೆ, ದುಂಡಗಿನ ಕನ್ನಡ ಸೊಟ್ಟಗಾಗುತ್ತದೆ. ಅಕ್ಷರದ ಅಂಚನ್ನು ನಯ ಮಾಡುವ ಆಂಟಿ ಅಲಿಯಾಸಿಂಗ್ ಆನ್ ಇರಲಿ. ಸಬ್‌ಪಿಕ್ಸೆಲ್ ಆರ್‌ಜಿಬಿ ಹಾಕಿ ನೋಡಿ, ಅಕ್ಷರದ ಅಂಚಿಗೆ ಬಣ್ಣ ಕಂಡರೆ ನನ್ (None) ಎಂದು ಬಿಡಿ.

ಪರೀಕ್ಷೆಗೆ ಟೆಕ್ಸ್ಟ್ ಎಡಿಟರಿನಲ್ಲಿ ಒಂದು ಸಾಲು ಬರೆದಿಡಿ: ದನ ಧನ, ಬರ ಭರ, ಸ್ವಾತಂತ್ರ್ಯ, ವೈಶಿಷ್ಟ್ಯ, ರಾಷ್ಟ್ರೀಯ, ಸಾಮರ್ಥ್ಯ. ವೈಶಿಷ್ಟ್ಯದ ಷಕಾರದ ಕೆಳಗೆ ಟ ಮತ್ತು ಯ ಎರಡು ಒತ್ತು. ಸ್ವಾತಂತ್ರ್ಯದ ತಕಾರಕ್ಕೆ ರ ಮತ್ತು ಯ. ಕೂತ ಜಾಗದಿಂದ, ಮುಂದಕ್ಕೆ ಬಾಗದೆ, ಆ ಎರಡನೇ ಒತ್ತು ಕಂಡರೆ ಗಾತ್ರ ಸರಿಯಿದೆ. ಓದುವವರಿಂದಲೇ ಓದಿಸಿ, ಹೊಂದಿಸುವವರ ಕಣ್ಣನ್ನು ನಂಬಬೇಡಿ.

ಕತ್ತರಿಸಿಹೋದ ಅಕ್ಟೋಬರ್

ಭಾಷೆಯ ಬಗ್ಗೆ ಇಲ್ಲಿ ಒಂದು ಮಾತು. ಇಡೀ ಇಂಟರ್‌ಫೇಸ್ ಕನ್ನಡಕ್ಕೆ ಬದಲಿಸುವ ಆಸೆ ಸಹಜ. ಮಾಡಿದರೆ ಮೆನುಗಳು ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಆಗುತ್ತವೆ. ಸೇವ್, ಪ್ರಿಂಟ್ ಎಂದೇ ಹತ್ತು ವರ್ಷ ಬಳಸಿದವರಿಗೆ ಉಳಿಸು, ಮುದ್ರಿಸು ಎಂಬುದು ಹೊಸ ಪಾಠ. ಇನ್ನೂ ಮುಖ್ಯವಾದ್ದೆಂದರೆ ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ "ಅಪ್ಪಯ್ಯಾ, ಫೈಲ್ ಮೆನು ಒತ್ತು" ಎಂದಾಗ ಪರದೆಯಲ್ಲಿ ಫೈಲ್ ಎಂಬುದೇ ಇರಬೇಕು. ಹಾಗಾಗಿ ಲ್ಯಾಂಗ್ವೇಜ್ ಇಂಗ್ಲಿಷ್ ಇಂಡಿಯಾ, ಟೈಮ್ ಫಾರ್ಮ್ಯಾಟ್ ಮಾತ್ರ ಕನ್ನಡ ಇಂಡಿಯಾ. ಪಟ್ಟಿಯಲ್ಲಿ ಕನ್ನಡ ಬರಬೇಕಾದರೆ ಮೊದಲು ಇನ್‌ಸ್ಟಾಲ್-ರಿಮೂವ್ ಲ್ಯಾಂಗ್ವೇಜಸ್‌ನಲ್ಲಿ ಅದನ್ನು ಸೇರಿಸಬೇಕು. ಲಾಗ್ ಔಟ್ ಆಗಿ ಒಳಬಂದರೆ ಪ್ಯಾನೆಲ್ (ಪರದೆಯ ತಳದ ಪಟ್ಟಿ) ಗಡಿಯಾರದಲ್ಲಿ ವಾರ, ತಿಂಗಳು ಕನ್ನಡದಲ್ಲಿ ಬರುತ್ತವೆ.

ಪೂರ್ತಿ ಕನ್ನಡವೇ ಬೇಕೆಂದು ಬದಲಿಸಿದರೆ ಮುಂದಿನ ಲಾಗಿನ್‌ನಲ್ಲಿ ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರುಗಳ ಹೆಸರನ್ನೂ ಬದಲಿಸಲೇ ಎಂದು ಕೇಳುತ್ತದೆ. ಹಳೆ ಹೆಸರೇ ಇರಲಿ ಎನ್ನಿ, ಮತ್ತೆ ಕೇಳಬೇಡ ಎಂಬುದಕ್ಕೆ ಟಿಕ್ ಹಾಕಿ. ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿಯಲ್ಲಿ ಕನ್ನಡದ ಒತ್ತು, ಗುಡಿಸುಗಳು ಸರಿಯಾಗಿ ಕೂರುವುದಿಲ್ಲ, ದೋಷದ ಸಂದೇಶಗಳು ಚದುರಿ ಕಾಣುತ್ತವೆ ಎಂಬುದೂ ಗೊತ್ತಿರಲಿ.

ಗಡಿಯಾರ ಕನ್ನಡವಾದ ಕೂಡಲೇ ಹೊಸ ತೊಡಕು: ಅಕ್ಟೋಬರ್‌ನ ಟ ಒತ್ತು ಪರದೆಯ ತಳದಲ್ಲಿ ಕತ್ತರಿಸಿ ಅಕೋಬರ್ ಆಗಿತ್ತು, ಶುಕ್ರವಾರ ಬರೀ ಶುಕವಾರ. ಮಂಗಳವಾರಕ್ಕೆ ಒತ್ತಿಲ್ಲ, ಆ ದಿನ ನೋಡಿದವರಿಗೆ ತೊಂದರೆಯೇ ಕಾಣುವುದಿಲ್ಲ! ಕಾರಣ ಪ್ಯಾನೆಲ್ಲಿನ ಎತ್ತರ. ಕನ್ನಡದ ಒಂದು ಸಾಲಿಗೆ ಮೇಲಿನ ಗುಡಿಸು, ಕೆಳಗಿನ ಒತ್ತು ಸೇರಿ ಅಕ್ಷರ ಗಾತ್ರದ ಒಂದೂವರೆ ಪಟ್ಟು ದಾಟಿದ ಎತ್ತರ ಬೇಕು. 18 ಪಿಕ್ಸೆಲ್ ಅಕ್ಷರಕ್ಕೆ 28ರ ಪ್ಯಾನೆಲ್ ಸಾಲದು. ಪ್ಯಾನೆಲ್ ಮೇಲೆ ಬಲ ಕ್ಲಿಕ್, ಪ್ಯಾನೆಲ್ ಪ್ರಿಫರೆನ್ಸಸ್, ಡಿಸ್‌ಪ್ಲೇ ಟ್ಯಾಬಿನಲ್ಲಿ ರೋ ಸೈಜ್ 40. ದಿನ, ಸಮಯ ಎರಡು ಸಾಲಾಗಿ ಬೇಕಿದ್ದರೆ ಗಡಿಯಾರದ ಫಾಂಟ್ ಇಳಿಸಬೇಕಾಗುತ್ತದೆ. ಅದು ಬೇಡ, ಒಂದೇ ಸಾಲಲ್ಲಿಡಿ. ಲಾಕ್ ಪ್ಯಾನೆಲ್‌ಗೆ ಟಿಕ್ ಇರಲೇಬೇಕು. ಇಲ್ಲದಿದ್ದರೆ ಕೈ ನಡುಗಿ ಎಳೆದಾಗ ಪ್ಯಾನೆಲ್ ಪರದೆಯ ನಡುವೆ ಬಂದು ಕೂರುತ್ತದೆ.

ಕಿಟಕಿಯ ತಲೆಪಟ್ಟಿಗೂ ಇದೇ ರೋಗ, ಮದ್ದು ಮಾತ್ರ ಬೇರೆ. ಎಕ್ಸ್‌ಎಫ್‌ಸಿಇಯಲ್ಲಿ ತಲೆಪಟ್ಟಿಯ ಎತ್ತರ ಥೀಮಿನ ಚಿತ್ರಗಳಿಂದ ಬರುತ್ತದೆ, ಫಾಂಟ್ ಹಿಗ್ಗಿದರೂ ಪಟ್ಟಿ ಹಿಗ್ಗುವುದಿಲ್ಲ. ವಿಂಡೋ ಮ್ಯಾನೇಜರ್, ಸ್ಟೈಲ್‌ನಲ್ಲಿ ಡಿಫಾಲ್ಟ್-ಎಚ್‌ಡಿಪಿಐ ಎಂಬ ಥೀಮ್ ಆರಿಸಿ. ಪಟ್ಟಿ ಎತ್ತರವಾಗುತ್ತದೆ, ಜೊತೆಗೆ ಮುಚ್ಚುವ ಬಟನ್ ಕೂಡ ದೊಡ್ಡದಾಗುತ್ತದೆ. ನೋಡಲು ಸ್ವಲ್ಪ ಒರಟು, ಕೆಲಸಕ್ಕೆ ಒಳ್ಳೆಯದು.

ಬಣ್ಣ, ಮೌಸ್, ಮಾಯವಾಗುವ ಕಿಟಕಿಗಳು

ಕಪ್ಪು ಥೀಮ್ ಕಣ್ಣಿಗೆ ತಂಪು ಎಂಬ ನಂಬಿಕೆಯಿದೆ. ತೋಟದ ಕಡೆ ತೆರೆದ ಜಗುಲಿಯಲ್ಲಿ ಕಪ್ಪು ಪರದೆ ಕನ್ನಡಿಯಾಗುತ್ತದೆ, ಅದರಲ್ಲಿ ಓದುವವರ ಮುಖ, ಹಿಂದಿನ ಅಂಗಳ ಎಲ್ಲ ಕಾಣುತ್ತದೆ. ತಿಳಿ ಥೀಮ್, ತಿಳಿ ಬೂದು ಹಿನ್ನೆಲೆ, ಮಾನಿಟರಿನ ಬ್ರೈಟ್‌ನೆಸ್ ಸಂಜೆಗೆ ತಗ್ಗಿಸುವುದು: ಇಷ್ಟೇ. ಡೆಸ್ಕ್‌ಟಾಪ್ ಹಿನ್ನೆಲೆಗೆ ಹೂವು, ಜಲಪಾತ ಬೇಡ, ಐಕಾನಿನ ಹೆಸರು ಅದರಲ್ಲಿ ಮುಳುಗುತ್ತದೆ.

ಮೌಸ್ ಸೆಟ್ಟಿಂಗ್‌ನ ಥೀಮ್ ಟ್ಯಾಬಿನಲ್ಲಿ ಬಾಣದ ಗಾತ್ರ 24ರಿಂದ 40ಕ್ಕೆ. ಕೆಲವು ಕಿಟಕಿಗಳಲ್ಲಿ ಹಳೆ ಗಾತ್ರವೇ ಕಂಡರೆ ಲಾಗ್ ಔಟ್ ಆಗಿ ಬನ್ನಿ. ಬಿಹೇವಿಯರ್ ಟ್ಯಾಬಿನಲ್ಲಿ ಡಬಲ್ ಕ್ಲಿಕ್ ಸಮಯ 400 ಮಿಲಿಸೆಕೆಂಡ್ ಇದ್ದದ್ದು 700, ದೂರ 5 ಪಿಕ್ಸೆಲ್ ಇದ್ದದ್ದು 12. ಹಿರಿಯರ ಡಬಲ್ ಕ್ಲಿಕ್ ಸೋಲುವುದು ಹೆಚ್ಚಾಗಿ ನಿಧಾನದಿಂದಲ್ಲ, ಎರಡು ಒತ್ತಿನ ನಡುವೆ ಮೌಸ್ ಸರಿಯುವುದರಿಂದ. ಈ ದೂರದ ಸಂಖ್ಯೆಯನ್ನು ಯಾರೂ ಮುಟ್ಟುವುದಿಲ್ಲ, ಮೊದಲು ಮುಟ್ಟಬೇಕಾದ್ದು ಅದೇ. ಸಿಂಗಲ್ ಕ್ಲಿಕ್ ಬೇಕಿದ್ದರೆ ಎರಡು ಕಡೆ ಹಾಕಬೇಕು, ಡೆಸ್ಕ್‌ಟಾಪ್ ಸೆಟ್ಟಿಂಗ್ಸ್‌ನ ಐಕಾನ್ಸ್‌ನಲ್ಲೊಮ್ಮೆ, ಥುನಾರ್ ಫೈಲ್ ಮ್ಯಾನೇಜರಿನ ಪ್ರಿಫರೆನ್ಸಸ್‌ನಲ್ಲೊಮ್ಮೆ. ಡಬಲ್ ಕ್ಲಿಕ್ ರೂಢಿಯಾದವರಿಗೆ ಹಾಕಬೇಡಿ, ಎಲ್ಲವೂ ಎರಡೆರಡು ಬಾರಿ ತೆರೆಯುತ್ತವೆ.

"ಇದ್ದದ್ದೆಲ್ಲ ಹೋಯ್ತು" ಎಂಬ ಫೋನ್ ಬರುವುದು ಬಹುತೇಕ ಮೌಸಿನ ಗಾಲಿಯಿಂದ. ಖಾಲಿ ಡೆಸ್ಕ್‌ಟಾಪ್ ಮೇಲೆ ಗಾಲಿ ತಿರುಗಿದರೆ ಬೇರೆ ವರ್ಕ್‌ಸ್ಪೇಸಿಗೆ, ಅಂದರೆ ಇನ್ನೊಂದು ಖಾಲಿ ಡೆಸ್ಕ್‌ಟಾಪಿಗೆ ಹಾರುತ್ತದೆ, ತೆರೆದ ಕಿಟಕಿಗಳು ಹಿಂದೆ ಉಳಿಯುತ್ತವೆ. ವರ್ಕ್‌ಸ್ಪೇಸ್ ಸಂಖ್ಯೆಯನ್ನು 1 ಮಾಡಿ, ಅಲ್ಲಿಗೆ ಮುಗಿಯಿತು. ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನಲ್ಲಿ ತಲೆಪಟ್ಟಿಯ ಮೇಲೆ ಗಾಲಿ ತಿರುಗಿಸಿದರೆ ಕಿಟಕಿ ಸುತ್ತಿಕೊಳ್ಳುವ ಆಯ್ಕೆಯಿದೆ, ಅದನ್ನೂ ತೆಗೆಯಿರಿ.

ಅಲ್ಲೇ ಕಿಟಕಿಗಳಿಗೆ ನೆರಳಿನಂಥ ಪರಿಣಾಮ ಕೊಡುವ ಕಾಂಪೊಸಿಟರ್ ಟ್ಯಾಬಿದೆ. ಹಳೆ ಯಂತ್ರಕ್ಕೆ ಅದನ್ನು ಆಫ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಇಲ್ಲಿ ಆನ್ ಇಟ್ಟಿದೆ. ಯಾಕೆಂದರೆ ಕಾಂಪೊಸಿಟರ್ ಇದ್ದರೆ ಮಾತ್ರ ಆಲ್ಟ್ ಒತ್ತಿ ಗಾಲಿ ತಿರುಗಿಸಿದಾಗ ಇಡೀ ಪರದೆ ಭೂತಗನ್ನಡಿಯಂತೆ ದೊಡ್ಡದಾಗುತ್ತದೆ. ಪಹಣಿಯ ಸಣ್ಣ ಕಾಲಂ, ಬ್ಯಾಂಕಿನ ಪುಟದ ಅಡಿಬರಹ ಓದಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಭಾರ ಕಡಿಮೆ ಮಾಡಲು ನೆರಳುಗಳನ್ನು ಮಾತ್ರ ತೆಗೆದಿದೆ.

ಬ್ರೌಸರ್, ಬರವಣಿಗೆ

120ರ ಡಿಪಿಐಯನ್ನು ಫೈರ್‌ಫಾಕ್ಸ್ ಬ್ರೌಸರ್ ತಾನೇ ಪಾಲಿಸುತ್ತದೆ, ಮತ್ತೆ ಝೂಮ್ ಏರಿಸಿದರೆ ಎರಡು ಪಟ್ಟು ಸೇರಿ ಪುಟ ಅಡ್ಡಕ್ಕೆ ಹರಿಯುತ್ತದೆ. ಸೆಟ್ಟಿಂಗ್ಸ್‌ನ ಫಾಂಟ್ಸ್, ಅಡ್ವಾನ್ಸ್ಡ್‌ನಲ್ಲಿ ಕನ್ನಡ ಎಂಬ ಲಿಪಿ ಆರಿಸಿ ನೋಟೊ ಕೊಡಿ. ಕನಿಷ್ಠ ಗಾತ್ರ 14 ಸಾಕು. 18 ಕೊಟ್ಟರೆ ಅರ್ಜಿ ನಮೂನೆಗಳ ಬಟನ್ ಮೇಲಿನ ಬರಹ ಬಟನ್ನಿನಿಂದ ಹೊರಬರುತ್ತದೆ.

ಪತ್ರ, ಲೆಕ್ಕ ಬರೆಯುವ ಲಿಬ್ರೆಆಫೀಸ್‌ನಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಆಪ್ಷನ್ಸ್‌ಗೆ ಹೋಗಿ ಬೇಸಿಕ್ ಫಾಂಟ್ಸ್ ವೆಸ್ಟರ್ನ್‌ನಲ್ಲಿ 14 ಕೊಟ್ಟರೂ ಕನ್ನಡ ಬದಲಾಗುವುದಿಲ್ಲ. ಕನ್ನಡವನ್ನು ಅದು ಸಿಟಿಎಲ್, ಅಂದರೆ ಸಂಕೀರ್ಣ ಲಿಪಿ ಎಂಬ ಬೇರೆ ಗುಂಪಿನಲ್ಲಿಡುತ್ತದೆ. ಮೊದಲು ಭಾಷೆಯ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಟಿಕ್ ಹಾಕಿ ಕನ್ನಡ ಆರಿಸಿ, ಆಮೇಲೆ ರೈಟರ್ ಕೆಳಗೆ ಬೇಸಿಕ್ ಫಾಂಟ್ಸ್ ಸಿಟಿಎಲ್ ಎಂಬಲ್ಲಿ 14 ಕೊಡಿ. ಆಟೋ ರಿಕವರಿ ಸಮಯ 10 ನಿಮಿಷ ಇರುತ್ತದೆ, 2ಕ್ಕಿಳಿಸಿ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಕರೆಂಟು ಹೇಳಿ ಹೋಗುವುದಿಲ್ಲ.

ಟೈಪಿಂಗ್‌ಗೆ ನುಡಿ ತಂತ್ರಾಂಶ ಕಲಿತವರ ಕೈಗೆ ಬೇಕಾದ್ದು ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸ. ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಕನ್ನಡ ಟೈಪಿಂಗ್ ಒದಗಿಸುವ ಐಬಸ್-ಎಂ17ಎನ್ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್ ಔಟ್ ಆಗಿ ಬಂದು, ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಸೇರಿಸಿ. ಷ್ಟ್ಯ ಬರೆಯಲು ಎಕ್ಸ್, ಎಫ್, ಕ್ಯೂ, ಎಫ್, ವೈ, ನುಡಿಯಲ್ಲಿದ್ದಂತೆಯೇ. ಭಾಷೆ ಬದಲಿಸುವ ಕೀ ಸೂಪರ್-ಸ್ಪೇಸ್ ಇರುತ್ತದೆ (ಸೂಪರ್ ಎಂದರೆ ವಿಂಡೋಸ್ ಚಿಹ್ನೆಯ ಕೀ). ಸೂಪರ್ ಕೀಗೆ ಮೆನು ತೆರೆಯುವ ಕೆಲಸವೂ ಇರುವುದರಿಂದ ಕಂಟ್ರೋಲ್-ಸ್ಪೇಸ್ ಮಾಡಿದ್ದು. ಲಿಬ್ರೆಆಫೀಸ್‌ನ ಲೆಕ್ಕದ ಹಾಳೆ ಕ್ಯಾಲ್ಕ್‌ನಲ್ಲಿ ಅದು ಇಡೀ ಕಾಲಂ ಆರಿಸುವ ಕೀ, ಲೆಕ್ಕಪತ್ರ ಬರೆಯುವವರು ಬೇರೆ ಹುಡುಕಬೇಕು. ಆಲ್ಟ್-ಸ್ಪೇಸ್ ಕಿಟಕಿಯ ಮೆನು ತೆರೆಯುತ್ತದೆ, ಶಿಫ್ಟ್-ಸ್ಪೇಸ್ ಕ್ಯಾಲ್ಕ್‌ನಲ್ಲಿ ಸಾಲು ಆರಿಸುತ್ತದೆ. ಸ್ಪೇಸ್ ಬಾರಿಗೆ ಹೊಣೆ ಜಾಸ್ತಿಯೇ.

ಹಳೆ ಯಂತ್ರದಿಂದ ತಂದ ಪತ್ರಗಳು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ತೆರೆದರೆ ಅವು ಯುನಿಕೋಡ್ (ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪದ್ಧತಿ) ಬರುವ ಮೊದಲಿನ ರೀತಿಯ ನುಡಿ ಫಾಂಟ್‌ನಲ್ಲಿ ಬರೆದವು. ಆ ಹಳೆ ಫಾಂಟ್ ಇದ್ದರೆ ಓದಬಹುದು, ಹುಡುಕಲು ಬರುವುದಿಲ್ಲ. ಪರಿವರ್ತಕದಿಂದ ಯುನಿಕೋಡ್‌ಗೆ ತಂದಿಡುವುದು ವಾಸಿ.

ಡೆಸ್ಕ್‌ಟಾಪ್ ಮೇಲೆ ಇಟ್ಟ ಐಕಾನ್ ನಾಲ್ಕೇ, ಹೆಸರು ಕನ್ನಡದಲ್ಲಿ: ಅಡಿಕೆ ದರ, ಪಹಣಿ, ಪತ್ರ, ಫೋಟೊ. ಬಲ ಕ್ಲಿಕ್ ಮಾಡಿ ಕ್ರಿಯೇಟ್ ಯುಆರ್‌ಎಲ್ ಲಿಂಕ್ ಅಥವಾ ಕ್ರಿಯೇಟ್ ಲಾಂಚರ್ ಮೂಲಕ ಮಾಡಿದರೆ ಸಮಸ್ಯೆಯಿಲ್ಲ. ಬೇರೆ ಯಂತ್ರದಲ್ಲಿ ಮಾಡಿದ ಲಾಂಚರ್ ಪೆನ್‌ಡ್ರೈವಿನಿಂದ ತಂದರೆ ನಂಬಿಕೆಗೆ ಅರ್ಹವಲ್ಲ ಎಂದು ಎಚ್ಚರಿಸುತ್ತದೆ. ದರದ ಪುಟದಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು ಸಾಲುಗಳು ಉರುಳಿಸದೆ ಒಂದೇ ಪರದೆಯಲ್ಲಿ ಕಾಣಲು ಝೂಮ್ 90 ಇಟ್ಟಿದ್ದು, ಆ ಒಂದು ತಾಣಕ್ಕೆ ಮಾತ್ರ.

ಹೊಂದಿಸಿದ್ದನ್ನು ಕಾಪಾಡುವುದು

ವ್ಯವಸ್ಥೆಯ ನಕಲು ತೆಗೆದಿಡುವ ಟೈಮ್‌ಶಿಫ್ಟ್‌ನಿಂದ ಸ್ನ್ಯಾಪ್‌ಶಾಟ್ ತೆಗೆದಿದ್ದೇವಲ್ಲ ಎಂದು ನೆಮ್ಮದಿಯಾಗಿರಬೇಡಿ. ಅದು ಮಾಮೂಲಿನಂತೆ ಬಳಕೆದಾರನ ಸ್ವಂತ ಫೈಲುಗಳಿರುವ ಹೋಮ್ ಫೋಲ್ಡರನ್ನು ಬಿಟ್ಟುಬಿಡುತ್ತದೆ, ಇಲ್ಲಿ ಮಾಡಿದ ಬಹುಪಾಲು ಹೊಂದಾಣಿಕೆ ಇರುವುದು ಅಲ್ಲೇ. ಹೋಮ್ ತೆರೆದು ಕಂಟ್ರೋಲ್-ಎಚ್ ಒತ್ತಿದರೆ ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರುಗಳು ಕಾಣುತ್ತವೆ. ಅವುಗಳಲ್ಲಿ ಕಾನ್ಫಿಗ್ ಎಂಬುದರ ಒಳಗಿನ ಎಕ್ಸ್‌ಎಫ್‌ಸಿಇ4 ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಡಿ.

ವಾಪಸು ಹಾಕುವಾಗ ಅದೇ ಬಳಕೆದಾರನಾಗಿ ಒಳಗಿದ್ದುಕೊಂಡು ನಕಲು ಮಾಡಿದರೆ ಫಲ ಸಿಗುವುದಿಲ್ಲ. ಸೆಟ್ಟಿಂಗ್ ನೋಡಿಕೊಳ್ಳುವ ಸೇವೆ ಕೆಟ್ಟ ಮೌಲ್ಯಗಳನ್ನು ನೆನಪಿನಲ್ಲಿಟ್ಟುಕೊಂಡಿರುತ್ತದೆ, ನೀವು ತಂದ ಫೈಲಿನ ಮೇಲೆ ಅದನ್ನೇ ಮತ್ತೆ ಬರೆದುಬಿಡುತ್ತದೆ. ಎರಡನೇ ಅಡ್ಮಿನ್ ಖಾತೆಯೊಂದನ್ನು ಇದಕ್ಕೆಂದೇ ಮಾಡಿಟ್ಟಿದೆ. ಮೊದಲ ಖಾತೆಯಿಂದ ಲಾಗ್ ಔಟ್ ಆಗಿ, ಎರಡನೆಯದರಿಂದ ಬಂದು, ಫೋಲ್ಡರನ್ನು ಅಡ್ಮಿನ್ ಅಧಿಕಾರದಲ್ಲಿ ತೆರೆದು ನಕಲು ಮಾಡಬೇಕು. ಮುಗಿದ ಮೇಲೆ ಆ ಫೋಲ್ಡರಿನ ಒಡೆತನ ಮೊದಲ ಬಳಕೆದಾರನ ಹೆಸರಿಗೇ ಇದೆಯೇ ಎಂದು ಪ್ರಾಪರ್ಟೀಸ್‌ನಲ್ಲಿ ನೋಡಿ. ರೂಟ್ (ವ್ಯವಸ್ಥೆಯ ಪೂರ್ಣಾಧಿಕಾರದ ಖಾತೆ) ಹೆಸರಿಗೆ ಹೋಗಿದ್ದರೆ ಮುಂದೆ ಯಾವ ಬದಲಾವಣೆಯೂ ಉಳಿಯುವುದಿಲ್ಲ.